ಹುಳುಮನೆಯ ಕಾರು

ನಮ್ಮ ಮಾವನ ಕಾರನ್ನು ಮುಟ್ಟಬೇಕಾದರೆ ಮೊದಲು ಕೈಕಾಲು ತೊಳೆಯಬೇಕಿತ್ತು. ತೊಳೆದ ಕೈ ಒದ್ದೆಯಿರಬಾರದು. ಬಾಯಲ್ಲಿ ಎಲೆಯಡಿಕೆ ಇರಬಾರದು. ಮುಡಿದ ಹೂವನ್ನು ಬಾಗಿಲ ಹೊರಗಿನ ಗೂಟಕ್ಕೆ ಸಿಕ್ಕಿಸಿ ಒಳಗೆ ಹೋಗಬೇಕು. ತಿಂಗಳಿಗೆ ಮೂರು ದಿನ ನಾನು ಆ ಕಡೆ ತಲೆಯನ್ನೂ ಹಾಕುವಂತಿರಲಿಲ್ಲ. ದೇವರ ಮನೆಗೆ ಬರಬೇಡ ಅಂದರೆ ಸರಿ, ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ಒಂದು ಕಾರಿಗೂ ಮುಟ್ಟುಚಟ್ಟು ಅಂದರೆ ಯಾವ ಊರ ನ್ಯಾಯ ಇದು? ಮದುವೆಯಾಗಿ ಬಂದ ಹೊಸದರಲ್ಲೇ ನಾನು ಇದನ್ನು ಮಾವನ ಎದುರಿಗೆ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹುಳುಮನೆಯಲ್ಲಿ ಇರುವುದಕ್ಕೆ ಹುಳುಮನೆಯ ನೇಮವೇ ಅಂತ ಹೇಳಿ ನಕ್ಕರು.

ನಮ್ಮ ಊರು ಹಾರೋಹಳ್ಳಿಗೆ ನಡೆದು ಹೋಗುವಷ್ಟು ಹತ್ತಿರವಿತ್ತು. ಈಗ ಆ ಜಾಗದಲ್ಲಿ ತಗಡಿನ ಛಾವಣಿಯ ಕಾರ್ಖಾನೆಗಳಿವೆ. ಆಗ ಹೆಚ್ಚುಕಡಿಮೆ ಮನೆಗೊಂದು ಹುಳುಮನೆ. ರೇಷ್ಮೆಹುಳ ಸಾಕುವ ಜಾಗವನ್ನು ನಮ್ಮಲ್ಲಿ ಬಾಣಂತಿ ಕೋಣೆಯಂತೆ ನೋಡಿಕೊಳ್ಳುತ್ತಾರೆ. ಊದುಬತ್ತಿಯ ಹೊಗೆ ತಾಗಿದರೂ ಹುಳ ಸೊಪ್ಪು ತಿನ್ನುವುದು ಬಿಡುತ್ತದೆ, ಬೇರೆ ಹುಳುಮನೆಯಿಂದ ಬಂದವರ ಕಾಲಧೂಳಿನಲ್ಲೇ ರೋಗ ಬರುತ್ತದೆ. ನಮ್ಮ ಹುಳುಮನೆ ವಾಸದ ಮನೆಯ ಪಕ್ಕದ ಉದ್ದನೆಯ ಹೆಂಚಿನ ಕಟ್ಟಡ, ನಡುವೆ ಎದೆಮಟ್ಟಕ್ಕಿಂತ ಒಸಿ ಎತ್ತರದ ಗೋಡೆ. ಗೋಡೆಯ ಈಚೆ ಹುಳ, ಆಚೆ ಕಾರು. ಕಾರಿಗೋಸ್ಕರವೇ ಮಾವ ಹಿಂದಿನ ಗೋಡೆ ಒಡೆಸಿ ಎತ್ತಿನ ಗಾಡಿ ಹೋಗುವಷ್ಟು ಅಗಲದ ಬಾಗಿಲು ಇಡಿಸಿದ್ದರು. ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬರದ ಹಾಗೆ ಕಿಟಕಿಗೆಲ್ಲ ಜಾಲರಿ. ಬಿಸಿಲು ನೇರವಾಗಿ ಬೀಳುತ್ತಿರಲಿಲ್ಲ, ಮಳೆ ಎರಚಲು ಬರುತ್ತಿರಲಿಲ್ಲ. ಹುಳಕ್ಕೆ ಒಳ್ಳೆಯದಾದದ್ದೆಲ್ಲ ಕಾರಿಗೂ ಒಳ್ಳೆಯದಾಗಿತ್ತು.

ಒಂದನ್ನು ಬಿಟ್ಟು. ಒಂದು ಬೆಳೆ ಮುಗಿದು ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆಗೆ ಬ್ಲೀಚಿಂಗ್ ಪುಡಿಯನ್ನೂ ಸುಣ್ಣವನ್ನೂ ಹಾಕಿ, ಬಾಗಿಲು ಕಿಟಕಿಯ ಸಂದುಗಳಿಗೆ ಕಾಗದ ಅಂಟಿಸಿ ಮುಚ್ಚುತ್ತಿದ್ದೆವು. ಹಳೇ ಬೆಳೆಯ ರೋಗ ಹೊಸ ಬೆಳೆಗೆ ಬರಬಾರದು ಅಂತ. ಪ್ರತಿ ಸಲವೂ ಪುಡಿ ಹಾಕುವ ಮುಂಚೆ ಮಾವ ನಾಲ್ಕು ಜನರನ್ನು ಕರೆದು ಕಾರನ್ನು ಹೊರಗೆ ತಳ್ಳಿಸಿ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದರು. ವಾಸನೆ ಪೂರ್ತಿ ಹೋಗುವವರೆಗೆ ಅದು ಒಳಗೆ ಬರುತ್ತಿರಲಿಲ್ಲ. ನೆಲ ಗುಡಿಸಿ ತೊಳೆಯಲು ಜಾಗ ಬಿಡುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಎಲ್ಲದಕ್ಕೂ ಬಾಯಿ ಹಾಕುವ ನಾನು ಅದೊಂದನ್ನು ಯಾಕೆ ಅಂತ ಕೇಳಲಿಲ್ಲ.

ಅದು ಅಮೆರಿಕಾದ ಕಾರು. ಸ್ಟೀರಿಂಗು ಎಡಗಡೆ. ನಮ್ಮ ಅಡಿಗೆಮನೆಗಿಂತ ಉದ್ದ. ಮೇಲ್ಗಡೆ ದಪ್ಪ ಬಟ್ಟೆಯ ಛಾವಣಿ, ಬೇಕೆಂದಾಗ ಅದನ್ನು ಹಿಂದಕ್ಕೆ ಮಡಚಬಹುದು. ಊರಿನವರು ಅದನ್ನು ಟೊಪ್ಪಿ ಕಾರು ಅನ್ನುತ್ತಿದ್ದರು, ಟೊಪ್ಪಿ ತೆಗೆದು ಹಾಕುತ್ತದಲ್ಲ, ಅದಕ್ಕೆ. ಮೈಬಣ್ಣ ಎಳೆ ಹಿಪ್ಪುನೇರಳೆ ಸೊಪ್ಪಿನದು, ಸೀಟು ಕೆಂಪು, ಮುಂದೆ ಹಿಂದೆ ಬೆಳ್ಳಿಯಂತೆ ಹೊಳೆಯುವ ಬಂಪರು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇಟ್ಟಿದ್ದ ಸಾಹುಕಾರರೊಬ್ಬರದು ಅದು. ನಮ್ಮ ಮಾವ ಅವರಿಗೆ ಮೀಸೆ ಚಿಗುರುವ ವಯಸ್ಸಿನಿಂದ ಡ್ರೈವರು. ಸಾಹುಕಾರರು ತೀರಿಕೊಂಡ ಮೇಲೆ ಮಕ್ಕಳು ಪಾಲಾದರು. ಪೆಟ್ರೋಲು ನೀರಿನಂತೆ ಕುಡಿಯುವ ಕಾರು ಯಾರ ಪಾಲಿಗೂ ಬೇಡವಾಯಿತು. ಕೊನೆಗೆ ಹಿರಿಯ ಮಗ, ನಿನ್ನ ಕೈಯಲ್ಲೇ ಬಾಳಿದ್ದು, ನೀನೇ ಇಟ್ಕೋ ಅಂತ ಹೇಳಿ ಕಾಗದಪತ್ರವನ್ನು ಮಾವನ ಹೆಸರಿಗೆ ಮಾಡಿಸಿಕೊಟ್ಟರಂತೆ. ಸುದ್ದಿ ಕೇಳಿ ನಮ್ಮ ಅತ್ತೆ ಅತ್ತರಂತೆ, ಸಂತೋಷಕ್ಕಲ್ಲ. ಒಂದು ಜೊತೆ ಎತ್ತು ಕೊಟ್ಟಿದ್ದರೆ ಉಳುಮೆಗಾದರೂ ಆಗುತ್ತಿತ್ತು ಅಂತ.

ನಾನು ಮದುವಣಗಿತ್ತಿಯಾಗಿ ಬಂದದ್ದೂ ಅದರಲ್ಲೇ. ನನ್ನ ತವರು ಕೈಲಾಂಚದ ಕಡೆ. ಟೊಪ್ಪಿ ತೆಗೆದ ಕಾರಿನಲ್ಲಿ ಮಗಳು ಹೋಗುತ್ತಾಳೆ ಅಂತ ನಮ್ಮಪ್ಪ ಊರೆಲ್ಲ ಸಾರಿಕೊಂಡು ಬಂದಿದ್ದರು. ಹತ್ತುವ ಮುಂಚೆ ಮಾವ ಸೀಟಿನ ಮೇಲೆ ಹೊಸ ಪಂಚೆ ಹಾಸಿದರು. ನನ್ನ ಕೈಯಲ್ಲಿ ಅರಿಸಿನವಿತ್ತು, ಬಾಗಿಲು ಹಿಡಿಯಲು ಹೋದೆ. ಎಲ್ಲರ ಎದುರಿಗೆ ನನ್ನ ಕೈಯನ್ನು ತಮ್ಮ ಹೆಗಲ ವಸ್ತ್ರದಲ್ಲಿ ಒರೆಸಿ, ಆಮೇಲೆ ಹತ್ತಿಸಿದರು. ನನಗೆ ಅವಮಾನವಾಗಿ ಕಣ್ಣು ತುಂಬಿತು. ಇನ್ನೂ ಮನೆ ಮುಟ್ಟಿಲ್ಲ, ಆಗಲೇ ಈ ದರ್ಬಾರೇ ಅನ್ನಿಸಿತು. ಕನಕಪುರ ದಾಟುವವರೆಗೆ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ಗಾಳಿಗೆ ತಲೆಯ ಸೆರಗು ಹಾರಿ, ಇಬ್ಬದಿಯ ಹೊಲದವರು ಕೆಲಸ ಬಿಟ್ಟು ನಿಂತು ನೋಡಿದಾಗ ನಗು ಬಂತು. ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ ತಾವೂ ನಕ್ಕರು. ಅವತ್ತಿನಿಂದ ನಮ್ಮಿಬ್ಬರಿಗೂ ಸರಿಹೋಯಿತು.

ಆ ಮನೆಯಲ್ಲಿ ನನಗೆ ಸರಿಹೋದದ್ದು ಅವರೊಬ್ಬರ ಜೊತೆಯೇ. ಅತ್ತೆ ನಾನು ಬಂದ ಎರಡು ವರ್ಷಕ್ಕೆ ಹೋದರು. ನಮ್ಮ ಯಜಮಾನರು ಕೆಟ್ಟವರಲ್ಲ, ಆದರೆ ಸಿಟ್ಟು ಬಂದರೆ ಮಾತಿಗಿಂತ ಮುಂಚೆ ಕೈ ಬರುತ್ತಿತ್ತು. ಮಾವ ಎದುರಿಗಿದ್ದರೆ ಮಾತ್ರ ಆ ಕೈ ತಡೆಯುತ್ತಿತ್ತು.

ಕಾರಿನ ಯಾವ ಭಾಗವನ್ನೂ ಮಾವ ಹೊಸದು ಮಾಡಿಸಲಿಲ್ಲ. ಬಲಗಡೆ ಬಾಗಿಲ ಹತ್ತಿರ ಬಣ್ಣ ಸವೆದು ಒಳಗಿನ ತಗಡು ಕಾಣುತ್ತಿತ್ತು, ಅದು ಸಾಹುಕಾರರು ಮೊಣಕೈ ಇಟ್ಟುಕೊಳ್ಳುತ್ತಿದ್ದ ಜಾಗ. ಹಿಂದಿನ ಸೀಟಿನಲ್ಲಿ ಬೆರಳುದ್ದದ ಬಿರುಕು. ಕನಕಪುರದ ಪೇಂಟಿಂಗ್ ಅಂಗಡಿಯವನು ಹೊಸ ಬಣ್ಣ ಹೊಡೆದುಕೊಡ್ತೀನಿ ಅಂತ ಎಷ್ಟು ಸಲ ಹೇಳಿದರೂ ಇವರು ಒಪ್ಪಲಿಲ್ಲ. ಅದು ಬಣ್ಣವಲ್ಲ, ಅದರ ಚರ್ಮ ಅನ್ನುತ್ತಿದ್ದರು. ಚಳಿಗೆ ಒಂದೊಂದು ದಿನ ಇಂಜಿನ್ ಎದ್ದೇಳದಿದ್ದರೆ ಬಯ್ಯುತ್ತಲೂ ಇರಲಿಲ್ಲ. ಜ್ವರಕ್ಕೆ ಕೂತೈತೆ ಅಂತ ಹೇಳಿ ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಹುಳ ಪೊರೆ ಕಳಚುವ ಮುಂಚೆ ಮೇಯುವುದು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳವನ್ನು ಯಾರೂ ಮುಟ್ಟಬಾರದು.

ಎರಡು ಸಾವಿರದ ಇಸವಿ ಬಂತು. ಚೀನಾದ ರೇಷ್ಮೆ ಬಂದು ಗೂಡಿನ ಬೆಲೆ ಬಿತ್ತು. ಒಬ್ಬೊಬ್ಬರಾಗಿ ಹುಳ ಬಿಟ್ಟರು, ನಾವೂ ಬಿಟ್ಟೆವು. ಅದರ ಹಿಂದೆಯೇ ಅಳತೆಯವರು ಬಂದು ಹೊಲದ ಬದುಗಳಲ್ಲಿ ಕಲ್ಲು ನೆಟ್ಟರು. ಕೈಗಾರಿಕೆಗೆ ನಮ್ಮ ಹೊಲ ಹೋಯಿತು, ಅದರ ಹಣ ಮಾವನ ಅಣ್ಣತಮ್ಮಂದಿರ ನಡುವೆ ಹಂಚಿಹೋಗಿ ನಮಗೆ ಬಂದದ್ದು ಮನೆಖರ್ಚಿಗೇ ಕರಗಿತು. ಯಜಮಾನರು ಹೊಸ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿನ ಕೆಲಸಕ್ಕೆ ಸೇರಿ ನೀಲಿ ಅಂಗಿ ಹಾಕಿಕೊಂಡರು. ತಾವು ರಾಗಿ ಬಿತ್ತಿದ ಜಾಗದಲ್ಲಿ ನಿಂತು ಬೇರೆಯವರ ಲಾರಿಗೆ ಸಲಾಂ ಹೊಡೆಯುವ ಕೆಲಸ. ಮನೆಗೆ ಬಂದ ಮೇಲೆ ಅವರ ಸಿಟ್ಟು ಮೊದಲಿಗಿಂತ ಜಾಸ್ತಿಯಾಯಿತು, ಕುಡಿತವೂ ಸೇರಿತು. ಕೊನೆಗೆ ಮನೆಗಳ ಸರದಿಯೂ ಬಂತು. ಮಳೆಗಾಲ ಮುಗಿಯುವುದರೊಳಗೆ ಊರು ಖಾಲಿಯಾಗಬೇಕು ಅಂತ ಆಯಿತು.

ಬಾಡಿಗೆ ಮನೆಯಲ್ಲಿ ಅಷ್ಟುದ್ದದ ಕಾರು ಎಲ್ಲಿ ನಿಲ್ಲಿಸುವುದು? ಮಾರುವ ಮಾತನ್ನು ಮಾವನೇ ಎತ್ತಿದರು. ಒಂದು ಮಧ್ಯಾಹ್ನ ನಾನು ರಾಗಿ ಕೇರುತ್ತಿದ್ದಾಗ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತರು.

"ಗುಜರಿಗೆ ಮಾತ್ರ ಬ್ಯಾಡ ಕಣವ್ವ. ಓಡ್ಸೋರು ಯಾರಾನ ತಗಳ್ಲಿ. ಬಂದ ದುಡ್ನಲ್ಲಿ ಕನಕಪುರ್ದಾಗೆ ಒಂದು ಸೈಟ್ ತಗುಸ್ತೀನಿ, ನಿನ್ನೆಸ್ರಿಗೇ. ಅವನ್ ಕೈಗೆ ಕೊಟ್ರೆ ನಿಲ್ಲಕಿಲ್ಲ."

ನನ್ನ ಹೆಸರಿಗೆ! ನನ್ನ ಹೆಸರಿಗೆ ಅಲ್ಲಿಯವರೆಗೆ ಇದ್ದದ್ದು ಒಂದು ರೇಷನ್ ಕಾರ್ಡಿನ ಸಾಲು ಮಾತ್ರ. ಮೊರ ಕೆಳಗಿಟ್ಟು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅವತ್ತಿನಿಂದ ಆ ಕಾರು ನನಗೂ ಹುಳದಂತೆಯೇ ಆಯಿತು, ಬೆಳಗ್ಗೆ ಎದ್ದರೆ ಅದರದೇ ಚಿಂತೆ.

ಪತ್ರಿಕೆಗೆ ಜಾಹೀರಾತು ಕೊಡುವಾಗ ಅಪ್ಪ ಮಗನಿಗೆ ಜಗಳವಾಯಿತು. ಯಜಮಾನರು ಹೊಸದರಂತಿದೆ ಅಂತ ಬರೆಸಬೇಕೆಂದರು. ಮಾವ, ಯಾವುದೂ ರಿಪೇರಿ ಮಾಡಿಸಿಲ್ಲ, ಬಂದ ಹಾಗೇ ಇದೆ ಅಂತಲೇ ಬರೆಸು ಅಂದರು. ರಿಪೇರಿ ಮಾಡಿಸಿಲ್ಲ ಅಂತ ಯಾವ ದಡ್ಡ ಮಾರುತ್ತಾನೆ ಅಂತ ಯಜಮಾನರು ಕೂಗಾಡಿದರು. ನನಗೂ ಹಾಗೆಯೇ ಅನ್ನಿಸಿತು. ಆದರೆ ಸೈಟು ಕೊಡಿಸುವವರು ಮಾವ, ನಾನು ಬಾಯಿ ಮುಚ್ಚಿಕೊಂಡೆ. ಮಾವ ಹೇಳಿದ್ದೇ ಅಚ್ಚಾಯಿತು.

ಮೊದಲು ಬಂದವನು ಗುಜರಿಯವನು, ತಕ್ಕಡಿಯ ಲೆಕ್ಕ ಹೇಳಿದ. ಆಮೇಲೆ ಮಾಗಡಿಯ ಕಡೆಯ ಒಬ್ಬ ಕಲ್ಯಾಣ ಮಂಟಪದವನು ಬಂದು, ಪೂರ್ತಿ ಕೆಂಪು ಬಣ್ಣ ಹೊಡೆದು ಸುತ್ತಲೂ ಮಿಣುಕು ದೀಪ ಹಾಕುತ್ತೇನೆ ಅಂದ. ಇಬ್ಬರನ್ನೂ ಮಾವ ಕಾಫಿ ಕೊಟ್ಟು ಕಳಿಸಿದರು. ಮೂರನೆಯವರು ಬೆಂಗಳೂರಿನ ಒಬ್ಬ ವಯಸ್ಸಾದ ಡಾಕ್ಟರು. ಅವರು ಒಳಗೆ ಹೋಗುವಾಗ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟರು. ಮಾವ ನನ್ನ ಕಡೆ ತಿರುಗಿ ನೋಡಿದರು. ಡಾಕ್ಟರು ಪ್ಯಾಂಟಿನ ಯೋಚನೆಯಿಲ್ಲದೆ ನೆಲದ ಮೇಲೆ ಮಲಗಿ ಕಾರಿನ ಹೊಟ್ಟೆ ನೋಡಿದರು, ಸೀಟಿಗೆ ಮೂಗಿಟ್ಟು ಮೂಸಿದರು, ಸಾಹುಕಾರರ ಮೊಣಕೈ ಜಾಗವನ್ನು ಬೆರಳಲ್ಲಿ ಮತ್ತೆ ಮತ್ತೆ ಸವರಿದರು.

ಅವರು ಹೇಳಿದ ಬೆಲೆಗೆ ಕನಕಪುರದಲ್ಲಿ ಸೈಟೂ ಬಂದು ಅದರ ಮೇಲೆ ನಾಲ್ಕು ಗೋಡೆಯೂ ಏಳುತ್ತಿತ್ತು. ಒಂದೇ ಷರತ್ತು. ನಾಲ್ಕು ವಾರ ಬಿಟ್ಟು ಮುಚ್ಚಿದ ಲಾರಿ ತಂದು ತೆಗೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಏನೂ ಮಾಡಬೇಡಿ. "ಪಾಲಿಶ್ ಬೇಡ, ತೊಳೆಯೋದೂ ಬೇಡ. ಹೊಸ ಬಣ್ಣದ ಗಾಡಿ ನೂರು ಸಿಗತ್ತೆ ನನಗೆ. ಯಾರೂ ಕೈಯಿಡದೇ ಇರೋದು ಇದೊಂದೇ," ಅಂದರು. ನನಗೆ ಆಶ್ಚರ್ಯವಾಯಿತು. ನಾವು ಹಸು ಮಾರಿದರೂ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿ ಕಳಿಸುವವರು. ಮಾವನ ಕೈಗೆ ಮುಂಗಡ ಕೊಟ್ಟು ಅವರು ಹೊರಟರು. ಆ ದಿನ ಮಾವ ಊಟದಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ನಾಲ್ಕೇ ದಿನಕ್ಕೆ ಮಾವನಿಗೆ ಜ್ವರ ಬಂತು. ಮಳೆಯಲ್ಲಿ ನೆನೆದದ್ದಿರಬಹುದು ಅಂತ ಕಷಾಯ ಕೊಟ್ಟೆ. ಮೂರನೇ ದಿನ ಮಾತು ತಪ್ಪತೊಡಗಿತು. ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋ ಬಂದಾಗ, ಕಾರಿದ್ದ ಹುಳುಮನೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗಿಟ್ಟರು. ನಾನು ಬರೋಗಂಟ ನೀನು ನೋಡ್ಕೊ ಅಂದರು. ಅದನ್ನು ಮಗನಿಗೆ ಕೊಡಲಿಲ್ಲ, ನನಗೆ ಕೊಟ್ಟರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಂಥ ಹೊತ್ತಿನಲ್ಲೂ ಅಕ್ಕಪಕ್ಕದವರು ನೋಡಿದರೇ ಅಂತ ತಿರುಗಿ ನೋಡಿದೆ.

ಆಗ ಊರಿನಲ್ಲಿ ಅರ್ಧ ಮನೆಗಳು ಬಿದ್ದಿದ್ದವು. ಜೆಸಿಬಿ ಒಂದೊಂದು ಮನೆಯನ್ನು ಕೆಡವಿದಾಗಲೂ ಅಲ್ಲಿನ ಇಲಿ ಹೆಗ್ಗಣಗಳೆಲ್ಲ ಉಳಿದ ಮನೆಗಳಿಗೆ ಬರುತ್ತಿದ್ದವು. ನಮ್ಮದು ಬೀದಿಯ ಕೊನೆಯ ಮನೆ. ಊರಿನ ಇಲಿಗಳಿಗೆಲ್ಲ ನಾವೇ ಗತಿ ಅನ್ನುವಂತಾಯಿತು. ರಾಗಿ ಮೂಟೆ ತೂತು, ಮಗಳ ಶಾಲೆಯ ಚೀಲ ತೂತು. ಮಾವ ಆಸ್ಪತ್ರೆ ಸೇರಿದ ಮಾರನೇ ದಿನ ಬೀಗ ತೆಗೆದು ನೋಡಿದರೆ ಕಾರಿನ ಕೆಂಪು ಸೀಟಿನ ಮೇಲೆ ಇಲಿ ಹಿಕ್ಕೆ. ಇವತ್ತು ಹಿಕ್ಕೆ, ನಾಳೆ ಸೀಟು, ನಾಡಿದ್ದು ನನ್ನ ಸೈಟು!

ಇಲಿ ಪಾಷಾಣ ಇಟ್ಟರೆ ಸತ್ತ ಇಲಿ ಕಾರಿನೊಳಗೇ ಕೊಳೆಯುತ್ತದೆ. ಬೆಕ್ಕು ಬಿಟ್ಟರೆ ಉಗುರು ಹಾಕುತ್ತದೆ. ಯೋಚನೆ ಮಾಡುತ್ತಾ ನಿಂತವಳ ಕಣ್ಣಿಗೆ ಅಟ್ಟದ ಮೇಲಿನ ಮೂಟೆ ಬಿತ್ತು. ಹುಳ ಬಿಟ್ಟ ಮೇಲೆ ಉಳಿದಿದ್ದ ಬ್ಲೀಚಿಂಗ್ ಪುಡಿ. ಪ್ಲಾಸ್ಟಿಕ್ ಚೀಲ ಸುತ್ತಿ ಮಾವನೇ ಕಟ್ಟಿ ಎತ್ತಿಟ್ಟದ್ದು, ಬಾಯಿ ಬಿಚ್ಚಿದರೆ ಮೂಗು ಸುಡುವಷ್ಟು ಘಾಟು ಇನ್ನೂ ಇತ್ತು. ಅಬ್ಬ, ದೇವರು ದಾರಿ ತೋರಿಸಿದ ಅಂದುಕೊಂಡೆ. ಆ ಘಾಟಿಗೆ ಇಲಿಯಲ್ಲ, ಇಲಿಯ ಅಜ್ಜನೂ ನಿಲ್ಲುವುದಿಲ್ಲ. ನನ್ನ ಅರ್ಧ ಆಯುಸ್ಸು ಹುಳುಮನೆಯಲ್ಲಿ ಕಳೆದಿತ್ತು, ನನ್ನ ತಲೆಯಲ್ಲಿ ಬ್ಲೀಚಿಂಗ್ ಅಂದರೆ ಶುದ್ಧ, ಅದು ಬಿದ್ದ ಕಡೆ ಕೆಡುಕು ಬರುವುದಿಲ್ಲ. ಏನೂ ಮಾಡಬೇಡಿ ಅಂತ ಡಾಕ್ಟರು ಹೇಳಿದ್ದರು. ನಾನು ಕಾರಿಗೆ ಏನು ಮಾಡಿದೆ? ಕಾವಲು ಹಾಕಿದೆ, ಅಷ್ಟೆ.

ಕೈಕಾಲು ತೊಳೆದು, ಹೂವನ್ನು ಗೂಟಕ್ಕೆ ಸಿಕ್ಕಿಸಿ, ನೇಮದಿಂದಲೇ ಮಾಡಿದೆ. ಕಾರಿನ ಕೆಳಗೆ, ನಾಲ್ಕೂ ಚಕ್ರದ ಸುತ್ತ ಧಾರಾಳವಾಗಿ ಪುಡಿ ಹಾಕಿದೆ. ಸೀಟಿನ ಸಂದಿಗೆ, ಮಡಚಿಟ್ಟ ಟೊಪ್ಪಿಯ ಪದರಗಳಿಗೆ, ಇಲಿ ಎಲ್ಲೆಲ್ಲಿ ಗೂಡು ಮಾಡಬಹುದೋ ಅಲ್ಲೆಲ್ಲ ಉದುರಿಸಿದೆ. ಧೂಳು ಏಳದಿರಲಿ ಅಂತ ನೆಲಕ್ಕೆ ನೀರು ಚಿಮುಕಿಸಿದೆ. ಅಭ್ಯಾಸಬಲ ನೋಡಿ, ಆಮೇಲೆ ಮೈದಾ ಅಂಟು ಕಾಯಿಸಿ ಕಿಟಕಿ ಬಾಗಿಲಿನ ಸಂದಿಗೆಲ್ಲ ಕಾಗದ ಅಂಟಿಸಿದೆ. ಗಾಳಿಯೂ ಆಡದ ಹಾಗೆ ಮುಚ್ಚಿ ಬೀಗ ಹಾಕಿದೆ. ಹೊರಗೆ ಮಳೆ ಹಿಡಿದಿತ್ತು.

ದಿನವೂ ಮುದ್ದೆ ಸಾರು ಕಟ್ಟಿಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆ. ಮಾವ ಒಂದೊಂದು ದಿನ ನನ್ನನ್ನು ಅತ್ತೆ ಅಂದುಕೊಳ್ಳುತ್ತಿದ್ದರು, ಒಂದೊಂದು ದಿನ ಸಾಹುಕಾರರ ಮನೆಯಿಂದ ಬಂದವಳು ಅಂದುಕೊಳ್ಳುತ್ತಿದ್ದರು. ಆದರೆ ಗಾಡಿ ನೋಡಿದ್ಯಾ ಅಂತ ಕೇಳುವುದನ್ನು ಒಂದು ದಿನವೂ ಮರೆಯಲಿಲ್ಲ. ಭದ್ರವಾಗೈತೆ ಮಾವ ಅನ್ನುತ್ತಿದ್ದೆ. ಹದಿನೈದು ದಿನಕ್ಕೆ ಮನೆಗೆ ಕಳಿಸಿದರು. ಜ್ವರ ಹೋಗಿತ್ತು, ತಲೆ ಮಾತ್ರ ಮೊದಲಿನಂತಾಗಿರಲಿಲ್ಲ. ಕಾಫಿಗೆ ಉಪ್ಪು ಹಾಕಿಕೊಂಡರು. ಕೋಳಿಗೆ ರಾಗಿ ಚೆಲ್ಲಲು ಹೋಗಿ ಒಲೆಯ ಬೂದಿ ಚೆಲ್ಲಿ ಬಂದರು. ಹೇಳಿದರೆ, ನಾನಾ ಅಂತ ಬೆಪ್ಪಾಗಿ ನೋಡುತ್ತಿದ್ದರು. ಬಂದ ದಿನವೇ ಕಾರು ನೋಡಬೇಕೆಂದರು. ಧೂಳಿಗೆ ಕೆಮ್ಮು ಬರುತ್ತೆ, ಲಾರಿ ಬಂದ ದಿನ ತೆಗೆಯೋಣ ಅಂತ ನಾನೇ ತಡೆದೆ. ಅವತ್ತು ತೆಗೆದಿದ್ದರೆ ಅಷ್ಟೋ ಇಷ್ಟೋ ಉಳಿಯುತ್ತಿತ್ತೋ ಏನೋ.

ಲಾರಿ ಬಂತು. ಡಾಕ್ಟರು ಮುಂದಿನ ಸೀಟಿನಿಂದ ಇಳಿದರು. ಯಜಮಾನರು ರಜೆ ಹಾಕಿ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ನಾನು ತಟ್ಟೆಯಲ್ಲಿ ಅರಿಸಿನ ಕುಂಕುಮ, ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ನಿಂತಿದ್ದೆ, ಹೆಣ್ಣು ಮಗಳನ್ನು ಕಳಿಸುವ ಹಾಗೆ ಕಳಿಸಬೇಕು ಅಂತ. ಕಾಗದ ಹರಿದು ಬಾಗಿಲು ತೆಗೆದರು.

ಘಾಟಿಗೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಬಂದರು. ಕಣ್ಣುರಿ ನಿಂತ ಮೇಲೆ ನೋಡಿದರೆ, ಅದು ನಮ್ಮ ಕಾರಾಗಿರಲಿಲ್ಲ. ಬೆಳ್ಳಿಯಂತಿದ್ದ ಬಂಪರಿನ ಮೇಲೆ ಸಿಡುಬು ಎದ್ದ ಹಾಗೆ ಕಂದು ಬೊಕ್ಕೆಗಳು. ಕೆಂಪು ಸೀಟಿನಲ್ಲಿ ಪುಡಿ ಬಿದ್ದ ಕಡೆಯೆಲ್ಲ ಬಿಳಿ ಕಲೆ, ಬೆರಳಿಟ್ಟರೆ ಒಳಕ್ಕೆ ಕುಸಿಯುತ್ತಿತ್ತು. ಬಾಗಿಲ ಹಿಡಿ, ದೀಪದ ಸುತ್ತಿನ ಬಳೆ, ಸ್ಟೀರಿಂಗಿನ ಒಳಗಿನ ಕಡ್ಡಿ, ಎಲ್ಲಕ್ಕೂ ತುಕ್ಕು. ಡಾಕ್ಟರು ಟೊಪ್ಪಿಯ ಅಂಚನ್ನು ಮೆಲ್ಲಗೆ ಎತ್ತಿದರು. ಅದು ಹಪ್ಪಳದ ಹಾಗೆ ಮುರಿದು ಅವರ ಕೈಯಲ್ಲೇ ಉಳಿಯಿತು.

ಮಾವ ಒಳಗೆ ಹೋಗಿ ಸಾಹುಕಾರರ ಮೊಣಕೈ ಜಾಗವನ್ನು ಮುಟ್ಟಿದರು. ಬೆರಳಿಗೆ ಹತ್ತಿದ ಕಂದು ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚಕ್ರದ ಸುತ್ತ ಗಟ್ಟಿಯಾಗಿದ್ದ ಬಿಳಿ ಪುಡಿಯನ್ನು ನೋಡಿದರು. ಮೂಲೆಯಲ್ಲಿ ಬಿದ್ದಿದ್ದ ಖಾಲಿ ಮೂಟೆಯನ್ನು ನೋಡಿದರು.

ಯಜಮಾನರು ನನ್ನ ಕಡೆ ತಿರುಗಿದರು. "ಯಾರ್ ಹಾಕಿದ್ದು ಇದ್ನ?"

ಆ ದನಿ ನನಗೆ ಗೊತ್ತು. ಆ ದನಿಯ ಹಿಂದೆ ಬರುವುದೂ ಗೊತ್ತು. ಬಾಯಿ ಜೋರಿನವಳು ಅಂತ ಊರೆಲ್ಲ ಕರೆಸಿಕೊಂಡ ನಾನು ತಟ್ಟೆಯ ನಿಂಬೆಹಣ್ಣು ಸರಿಮಾಡುತ್ತಾ ನಿಂತೆ. ನಾನು ಹೇಳುತ್ತಿದ್ದೆನೋ ಇಲ್ಲವೋ, ಆ ದೇವರಿಗೇ ಗೊತ್ತು. ಅಷ್ಟರಲ್ಲಿ ಮಾವ ಮಾತಾಡಿದರು.

"ಮೂಟೆ ಕಟ್ಟಿ ಇಕ್ಕಿದ್ದು ನಾನು ಕಣ್ಲಾ. ನಾನೇ ಹಾಕಿರ್ಬೇಕು."

ಯಜಮಾನರು ಪಕ್ಕಕ್ಕೆ ಸರಿದರು. ಅಪ್ಪನ ಮೇಲೆ ಅವರು ಕೈ ಎತ್ತುವವರಲ್ಲ. ಮಾವ ತಮ್ಮ ಎರಡೂ ಅಂಗೈಯನ್ನು ಒಂದು ಸಲ ನೋಡಿಕೊಂಡು ನನ್ನ ಮುಖ ನೋಡಿದರು. ನನ್ನನ್ನು ಕಾಪಾಡಲು ಹಾಗೆ ಹೇಳಿದರು ಅಂತ ನೀವು ಅಂದುಕೊಳ್ಳಬಹುದು. ಹಾಗಿದ್ದಿದ್ದರೆ ನನಗೆ ಈ ಸಂಕಟವಿರುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅವರು ನನ್ನನ್ನು ಕೇಳಿ ತಿಳಿದುಕೊಳ್ಳಲು ನೋಡುತ್ತಿದ್ದರು.

"ನಾನೇ ಅಲ್ವೇನವ್ವ?"

"ಹ್ಞೂ ಮಾವ," ಅಂದೆ.

ಡಾಕ್ಟರು ರೇಗಲಿಲ್ಲ. ಇನ್ನು ಇದನ್ನು ಸರಿಮಾಡಬೇಕಾದರೆ ಬಣ್ಣ, ಬೆಳ್ಳಿ ಲೇಪ, ಸೀಟು ಎಲ್ಲವೂ ಹೊಸದಾಗಬೇಕು, ನಾನು ಕೊಳ್ಳಲು ಬಂದದ್ದೇ ಉಳಿಯುವುದಿಲ್ಲ ಅಂತ ಮಾವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಮುಂಗಡವನ್ನು ವಾಪಸ್ಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಲಾರಿ ಖಾಲಿಯಾಗಿ ಹೋಯಿತು. ಊರು ಬಿಡುವ ದಿನವೇ ಮೊದಲು ಬಂದಿದ್ದ ಅದೇ ಗುಜರಿಯವನು ಗ್ಯಾಸ್ ಕಟರ್ ತಂದು ಕಾರನ್ನು ಮೂರು ತುಂಡು ಮಾಡಿ ಸಾಗಿಸಿದ. ಮಾವ ಪಾತ್ರೆ ತುಂಬಿದ ಟೆಂಪೋದಲ್ಲಿ ಆ ಕಡೆಗೆ ಬೆನ್ನು ಹಾಕಿ ಕೂತಿದ್ದರು.

ಕನಕಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಅಲ್ಲಿ ಮಾವ ಎಂಟು ತಿಂಗಳಿದ್ದರು. ಅವರಿಗೆ ವಯಸ್ಸಾಯಿತು, ಮರೆವು ಅಂತ ಜನಕ್ಕೆ ಕಂಡಿತು. ನನಗೆ ಗೊತ್ತು ಏನಾಗಿತ್ತು ಅಂತ. ಅವರು ಆ ಪುಡಿಯ ಗುಣ ಬಲ್ಲವರು. ಇಷ್ಟು ವರ್ಷ ಒಂದು ಸಲವೂ ತಪ್ಪದೆ ಕಾರನ್ನು ಹೊರಗೆ ತಳ್ಳಿಸಿದ್ದು ಯಾಕೆ ಅಂತ ಒಂದು ದಿನ ತಾವೇ ನನಗೆ ಹೇಳಿದರು, ಆ ಗಾಳಿಗೆ ಕಬ್ಬಿಣ ಸಾಯುತ್ತದಂತೆ. ಹೇಳಿ, ಗೊತ್ತಿದ್ದೂ ಗೊತ್ತಿದ್ದೂ ಹೆಂಗೆ ಹಾಕ್ದೆ ಅಂತ ನನ್ನನ್ನೇ ಕೇಳಿದರು. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಆಮೇಲೆ ಒಂದೊಂದಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಮೊದಲು ಎಲೆಗೆ ಸುಣ್ಣ ಹಚ್ಚುವುದು ಬಿಟ್ಟರು, ಸುಣ್ಣದ ಡಬ್ಬಿ ಕಂಡರೆ ಮುಖ ತಿರುಗಿಸುತ್ತಿದ್ದರು. ಒಲೆಯ ಹತ್ತಿರ ಬರುವುದು ಬಿಟ್ಟರು. ರಸ್ತೆ ದಾಟುವಾಗ ನನ್ನ ಮಗಳ ಕೈ ಹಿಡಿಯುವುದು ಬಿಟ್ಟರು. ನನ್ ಕೈ ನಂಬಬ್ಯಾಡ ಮಗ ಅಂತ ಅವಳಿಗೆ ಹೇಳಿದರಂತೆ, ಅವಳು ಅಳುತ್ತಾ ಬಂದಳು. ಕೊನೆಕೊನೆಗೆ ಎರಡೂ ಕೈಯನ್ನು ಟವೆಲ್ಲಿನೊಳಗೆ ಸುತ್ತಿಕೊಂಡು ಕೂರುತ್ತಿದ್ದರು. ಊಟವನ್ನು ನಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಮದುವೆಯ ದಿನ ನನ್ನ ಅರಿಸಿನದ ಕೈಯನ್ನು ಒರೆಸಿದ ಕೈಗಳು ಅವು.

ಹೇಳಿಬಿಡಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದೇನೆ! ನಾಳೆ ಹೇಳೋಣ, ಯಜಮಾನರು ಕೆಲಸಕ್ಕೆ ಹೋದ ಮೇಲೆ ಹೇಳೋಣ, ಅವರ ತಲೆ ಒಸಿ ತಿಳಿಯಾದ ದಿನ ಹೇಳೋಣ. ತಲೆ ತಿಳಿಯಾದ ದಿನಗಳೂ ಇದ್ದವು. ಆ ದಿನಗಳಲ್ಲೇ ನನಗೆ ಹೆಚ್ಚು ಹೆದರಿಕೆ. ತಿಳಿದ ಕಣ್ಣಿನಲ್ಲಿ ಅವರು ನನ್ನನ್ನು ನೋಡುವುದು ನನಗೆ ಬೇಡವಾಗಿತ್ತು. ಹೊಡೆತದ ಭಯ ಮೊದಲ ವಾರಕ್ಕೇ ಮುಗಿದಿತ್ತು. ಉಳಿದ ಎಂಟು ತಿಂಗಳು ಬರೀ ನನ್ನ ಹೆಸರು ಉಳಿಸಿಕೊಳ್ಳಲು ಸುಮ್ಮನಿದ್ದೆ. ಇಷ್ಟು ವರ್ಷದ ಮೇಲೆ ಬರೆಯುವಾಗ ಅದನ್ನೂ ಮುಚ್ಚಿಟ್ಟರೆ ನನ್ನಂಥ ನೀಚಳಿಲ್ಲ.

ತೀರಿಹೋಗುವ ಹಿಂದಿನ ದಿನ ಬೆಳಗ್ಗೆ ಮಾವನ ತಲೆ ತಿಳಿಯಾಗಿತ್ತು. ಗಂಜಿ ಕುಡಿಸಲು ಹೋದಾಗ ಟವೆಲ್ಲಿನಿಂದ ಕೈ ಹೊರಗೆ ತೆಗೆದರು. ಅದರಲ್ಲಿ ಕಾರಿನ ಕೀ ಇತ್ತು. ಗುಜರಿಯವನಿಗೆ ಕೊಟ್ಟಿರಲಿಲ್ಲ, ಅಷ್ಟು ದಿನ ಹಿಡಿದುಕೊಂಡೇ ಇದ್ದರೆಂದು ಕಾಣುತ್ತದೆ, ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿತ್ತು. ನನ್ನ ಕೈ ಮುಟ್ಟದ ಹಾಗೆ ಜೋಪಾನವಾಗಿ ಅದನ್ನು ನನ್ನ ಸೆರಗಿನ ಮೇಲಿಟ್ಟರು.

"ನಿನ್ನತ್ರ ಇದ್ರೆ ಚೆನ್ನಾಗಿರ್ತದೆ. ನಿನ್ ಸೈಟ್ ಹಾಳ್ಮಾಡ್ಬುಟ್ಟೆ ಕಣವ್ವ. ಹೊಟ್ಟೆಗಾಕ್ಕೊ."

ನಮ್ಮ ಕಡೆ ತಪ್ಪು ಮನ್ನಿಸು ಅನ್ನುವುದನ್ನು ಹೊಟ್ಟೆಗೆ ಹಾಕಿಕೋ ಅನ್ನುತ್ತಾರೆ. ದೊಡ್ಡವರು ಚಿಕ್ಕವರಿಗೆ ಅದನ್ನು ಹೇಳುವುದಿಲ್ಲ. ಹೇಳಿಸಿಕೊಂಡರೆ ಚಿಕ್ಕವರು, ಬುಡ್ತು ಅನ್ನಿ, ಅಂತ ತಡೆಯಬೇಕು. ಮಾವ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ಗಂಜಿಯ ಲೋಟವನ್ನು ಕೆಳಗಿಟ್ಟೆ.

"ಆಯ್ತು ಮಾವ," ಅಂದೆ, "ಹೊಟ್ಟೆಗಾಕ್ಕೊಂಡಿವ್ನಿ."